ಮೊಮ್ಮಗ ಓದಿದ ಬೋರ್ಡು, ನನಗೆ ಓದಲಾಗದ ಅರ್ಜಿ

ಯುರೋಪಿನಿಂದ ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಊರಿಗೆ ಬಂದು ಆರನೇ ದಿನ. ಮೈಗೆ ಇನ್ನೂ ಅಲ್ಲಿನ ಹೊತ್ತೇ ಅಂಟಿಕೊಂಡಿತ್ತು. ರಾತ್ರಿ ಎರಡಾದರೂ ನಿದ್ದೆ ಬರುತ್ತಿರಲಿಲ್ಲ. ನಾವಿಲ್ಲದಾಗ ಬೀಸಿದ ಗಾಳಿಮಳೆಗೆ ತೋಟದಲ್ಲಿ ಮೂವತ್ತೆಂಟು ಅಡಿಕೆ ಮರ ಬಿದ್ದಿದ್ದವು. ಪರಿಹಾರಕ್ಕೆ ಅರ್ಜಿ ಕೊಡಬೇಕಿತ್ತು. ಕಚೇರಿಗೆ ಹೋದೆ. ಯಾವ ಕಚೇರಿ ಅಂತ ಇಲ್ಲಿ ಬೇಡ. ಕೌಂಟರಿನಲ್ಲಿದ್ದ ಹುಡುಗ ಎರಡು ಪುಟದ ಫಾರಂ ಕೊಟ್ಟ. ಮೊದಲಿಂದ ಕೊನೆವರೆಗೆ ಮಲಯಾಳ.

"ಕನ್ನಡದ್ದು ಇಲ್ವಾ?" ಎಂದೆ. ಅವನಿಗೆ ಅರ್ಥವಾಗಲಿಲ್ಲ. ಮಲಯಾಳದಲ್ಲಿ ಕೇಳಿದೆ. ಮಾತಾಡಲು ನನಗೆ ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಓದಲು ಬರುವುದಿಲ್ಲ. ಇಷ್ಟು ಚೆನ್ನಾಗಿ ಮಾತಾಡ್ತೀರಲ್ಲ, ಓದಲು ಬರುವುದಿಲ್ಲವಾ ಎಂದು ಅವನು ಆಶ್ಚರ್ಯದಿಂದ ಕೇಳಿದ. ಅವನ ಮಾತಿನಲ್ಲಿ ಕೊಂಕು ಇರಲಿಲ್ಲ. ಆದರೂ ಹಿಂದೆ ಸಾಲಿನಲ್ಲಿ ನಿಂತ ನಾಲ್ಕು ಜನರ ಮುಂದೆ ನನಗೆ ತಲೆ ಎತ್ತಲಾಗಲಿಲ್ಲ. ಫಾರಂ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು ಬಂದೆ. ಸಂಜೆ ಪಕ್ಕದ ಮನೆಯ ಹುಡುಗಿ ಓದಿ ಹೇಳಿದಳು. ನಾನು ಹೇಳಿದಂತೆ ಅವಳೇ ತುಂಬಿಸಿದಳು. ಹತ್ತನೇ ಕ್ಲಾಸಿನ ಹುಡುಗಿ. ನನಗೆ ಅರುವತ್ತೆರಡು.

ಅದಕ್ಕೂ ಹತ್ತು ಹನ್ನೆರಡು ದಿನ ಮೊದಲು ಇಟಲಿಯ ಒಂದು ರೈಲು ನಿಲ್ದಾಣದಲ್ಲಿ ನನ್ನ ಆರು ವರ್ಷದ ಮೊಮ್ಮಗ ಕುಣಿದಾಡಿದ್ದ. "ಅಜ್ಜಾ, ಇದು ನಂಗೆ ಓದ್ಲಿಕ್ಕೆ ಬರ್ತದೆ!" ಆ ಕೂಗು ನೆನಪಾಗದೆ ಇದ್ದಿದ್ದರೆ ಈ ಫಾರಂ ವಿಷಯವನ್ನು ನಾನು ಸುಮ್ನೆ ಮರೆತುಬಿಡುತ್ತಿದ್ದೆ. ಇದೇನು ಮೊದಲ ಸಲವಲ್ಲ ಅಲ್ವಾ? ನಮಗೆ ಅಭ್ಯಾಸ ಆಗಿಹೋಗಿದೆ.

ಪ್ರವಾಸದ ಕಥೆ ಸ್ವಲ್ಪ ಹೇಳಬೇಕು. ಮಗಳು, ಅಳಿಯ ಇರುವುದು ಜರ್ಮನಿಯ ಮ್ಯೂನಿಕ್‌ನಲ್ಲಿ. ಅಳಿಯ ಶಿವಮೊಗ್ಗದ ಕಡೆಯವರು. ಹಾಗಾಗಿ ಅವರ ಮನೆಯಲ್ಲಿ ಕನ್ನಡ. ಮೊಮ್ಮಗನಿಗೆ ಶಾಲೆಯಲ್ಲಿ ಜರ್ಮನ್. ಈ ಸಲ ಹಡಗಿನಲ್ಲಿ ಒಂದು ವಾರ ಸುತ್ತಿ ಬರೋಣ ಎಂದು ಮಗಳು ಹಟ ಹಿಡಿದಳು. ಅಡಿಕೆಗೆ ಮದ್ದು ಬಿಡುವ ಮೊದಲು ವಾಪಸ್ ಬರುವಂತಿದ್ದರೆ ಬರ್ತೇನೆ ಎಂದೆ. ಮೇ ತಿಂಗಳ ಮೊದಲ ವಾರ ಹೊರಟೆವು.

ಹಡಗು ಹತ್ತಿದ್ದು ಇಟಲಿಯ ಜಿನೋವಾದಲ್ಲಿ. ಏಳು ರಾತ್ರಿ. ರೋಮಿಗೆ ಹತ್ತಿರದ ಬಂದರು ಚಿವಿತಾವೆಕ್ಕಿಯಾ, ಸಿಸಿಲಿಯ ಪಲೆರ್ಮೊ, ಮಾಲ್ಟಾದ ವಲ್ಲೆಟ್ಟಾ, ಬಾರ್ಸಿಲೋನಾ, ಮಾರ್ಸೇ, ಮತ್ತೆ ಜಿನೋವಾ. ಹಡಗಿನ ವೈಭವವನ್ನು ವರ್ಣಿಸಲು ನನಗೆ ಆಸಕ್ತಿ ಇಲ್ಲ. ಅದು ಎಲ್ಲರಿಗೂ ಫೋಟೋದಲ್ಲಿ ಗೊತ್ತು. ಊಟ ಬೇಕಾದಷ್ಟು ಇತ್ತು. ನಾಲ್ಕನೇ ದಿನಕ್ಕೆ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ ಸಿಕ್ಕಿದ್ದರೆ ಅದೆಲ್ಲವನ್ನೂ ಬಿಟ್ಟು ಕೊಡುತ್ತಿದ್ದೆ. ಒಂದು ಬೆಳಿಗ್ಗೆ ಮಾತ್ರ ಮರೆಯುವುದಿಲ್ಲ. ಐದೂವರೆಗೆ ನಾನು, ಹೆಂಡತಿ ಮೇಲಿನ ಡೆಕ್ಕಿಗೆ ಹೋದೆವು. ಸಮುದ್ರದಿಂದ ಸೂರ್ಯ ಮೇಲೆ ಬಂದ. ಕುಂಬಳೆ, ಉಪ್ಪಳ ಕಡಲ ತೀರದಲ್ಲಿ ಹುಟ್ಟಿ ಬೆಳೆದ ಅವಳು ಸೂರ್ಯ ನೀರಿಗೆ ಇಳಿಯುವುದನ್ನು ಮಾತ್ರ ಕಂಡವಳು. ಏನೂ ಮಾತಾಡದೆ ಕೈ ಮುಗಿದಳು.

ಹೊರಡುವ ಮೊದಲು ಎಲ್ಲರಿಗೂ ತುರ್ತು ತಾಲೀಮು ಇತ್ತು. ಜೀವರಕ್ಷಕ ಜಾಕೆಟ್ ಹೇಗೆ ಹಾಕಿಕೊಳ್ಳುವುದು, ಅಪಾಯವಾದರೆ ಎಲ್ಲಿ ಸೇರುವುದು ಇತ್ಯಾದಿ. ಧ್ವನಿವರ್ಧಕದಲ್ಲಿ ಇಟಾಲಿಯನ್, ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್, ಜರ್ಮನ್ ಹೀಗೆ ಒಂದಾದ ಮೇಲೆ ಒಂದು ಐದು ಭಾಷೆಯಲ್ಲಿ ಹೇಳಿದರು. ಅಳಿಯನಿಗೆ ಬೇಸರ ಬಂತು. ಇಂಗ್ಲಿಷಿನಲ್ಲಿ ಒಮ್ಮೆ ಹೇಳಿದರೆ ಸಾಲದಾ ಎಂದರು. ನಮ್ಮ ಪಕ್ಕ ಒಬ್ಬರು ವಯಸ್ಸಾದ ಅಜ್ಜಿ ಕೂತಿದ್ದರು. ಮೊದಲ ಮೂರು ಭಾಷೆಗೆ ಸುಮ್ಮನೆ ಕೂತಿದ್ದ ಆಕೆ ಸ್ಪ್ಯಾನಿಷ್ ಬಂದ ಕೂಡಲೇ ನೆಟ್ಟಗಾದರು. ಜಾಕೆಟಿನ ಪಟ್ಟಿ ಹಿಡಿದು, ಹೇಳಿದಂತೆ ಎಳೆದು ನೋಡಿದರು. ಜೀವ ಉಳಿಸುವ ಮಾತಾದರೆ ಆಕೆಗೆ ತಿಳಿಯುವ ಭಾಷೆಯಲ್ಲೇ ಹೇಳಬೇಕು ಎಂದು ಹಡಗಿನವರಿಗೆ ಗೊತ್ತಿತ್ತು. ಆಗಲೇ ನನ್ನ ತಲೆಯಲ್ಲಿ ಏನೋ ಕೊರೆಯಲು ಶುರುವಾಯಿತು.

ಎರಡನೇ ದಿನ ಊಟದ ಹಾಲಿನಲ್ಲಿ ನಾವಿಬ್ಬರು ತುಳುವಿನಲ್ಲಿ ಮಾತಾಡುವುದು ಕೇಳಿ ಬಡಿಸುವ ಹುಡುಗ ನಿಂತುಬಿಟ್ಟ. "ಊರು ಓಲು?" (ಊರು ಎಲ್ಲಿ?) ಎಂದ. ಅವನ ಊರು ಉಪ್ಪಳ! ಆರು ತಿಂಗಳಿಂದ ಮನೆಗೆ ಹೋಗಿರಲಿಲ್ಲ. ಮನೆಯಲ್ಲಿ ಬ್ಯಾರಿ ಭಾಷೆ, ಶಾಲೆಯಲ್ಲಿ ಕನ್ನಡ, ನಮ್ಮ ಹತ್ತಿರ ತುಳು, ಪಕ್ಕದ ಮೇಜಿನಲ್ಲಿ ಇಟಾಲಿಯನ್. ಸಪ್ತ ಭಾಷೆಯ ನಾಡು ಅನ್ನುವ ಕಾಸರಗೋಡಿನ ಹುಡುಗ ಅಲ್ವಾ! ಉಳಿದ ದಿನವೆಲ್ಲ ಹೆಂಡತಿಗೆ ಕೇಳದೆಯೇ ಮೊಸರು, ಅನ್ನ ಬರುತ್ತಿತ್ತು.

ಮಾಲ್ಟಾ ಸಣ್ಣ ದೇಶ. ಐದು ಲಕ್ಷ ಚಿಲ್ಲರೆ ಜನ. 2011ರ ಜನಗಣತಿಯಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಜನಸಂಖ್ಯೆಯೇ 13 ಲಕ್ಷ ದಾಟಿತ್ತು. ಅವರ ಮಾಲ್ಟೀಸ್ ಭಾಷೆ ಅರಬ್ಬಿಯ ಕಡೆಯಿಂದ ಬಂದದ್ದು, ಬರೆಯುವುದು ಇಂಗ್ಲಿಷಿನ ಅಕ್ಷರದಲ್ಲಿ. ಬೀದಿಗೆ ಅವರು 'ತ್ರೀಕ್' ಅನ್ನುತ್ತಾರೆ. ವಲ್ಲೆಟ್ಟಾದ ಬೀದಿ ಬೋರ್ಡುಗಳಲ್ಲಿ ಮಾಲ್ಟೀಸ್, ಇಂಗ್ಲಿಷ್ ಎರಡೂ ಇವೆ. 2004ರಲ್ಲಿ ಯುರೋಪ್ ಒಕ್ಕೂಟ ಸೇರಿದಾಗ ಒಕ್ಕೂಟದ ಅಧಿಕೃತ ಭಾಷೆಗಳ ಸಾಲಿಗೆ ಅದೂ ಸೇರಿತು. ಬಾರ್ಸಿಲೋನಾದ ಮೆಟ್ರೋದಲ್ಲಿ ಮಗಳು ಹೊರಹೋಗುವ ದಾರಿಯ ಬೋರ್ಡು ತೋರಿಸಿದಳು. "ನೋಡಪ್ಪ, ಸ್ಪ್ಯಾನಿಷಿನಲ್ಲಿ 'ಸಲೀದಾ' ಅಂತ ಬರೀಬೇಕು. ಇಲ್ಲಿ 'ಸೊರ್ತೀದಾ' ಅಂತ ಉಂಟು. ಇದು ಕತಲಾನ್." ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋ ಆಳುತ್ತಿದ್ದ ಕಾಲದಲ್ಲಿ, 1939ರಿಂದ 1975ರ ತನಕ, ಶಾಲೆ, ಕಚೇರಿಗಳಿಂದ ಹೊರಗೆ ಹಾಕಿದ್ದ ಭಾಷೆ ಅದು. ಈಗ ಅಲ್ಲಿನ ಮಕ್ಕಳು ಶಾಲೆಯಲ್ಲಿ ಕಲಿಯುವುದು ಅದರಲ್ಲೇ.

ಆದರೆ ನಾನು ಹೇಳಬೇಕೆಂದು ಕೂತದ್ದು ಉತ್ತರ ಇಟಲಿಯ ಬೊಲ್ಜಾನೊ ಊರಿನ ವಿಷಯ.

ಹಡಗಿಳಿದು ಜಿನೋವಾದಿಂದ ಮ್ಯೂನಿಕ್‌ಗೆ ರೈಲಿನಲ್ಲಿ ವಾಪಸ್. ಮಿಲಾನ್, ವೆರೋನಾ ದಾಟಿ ಆಲ್ಪ್ಸ್ ಕಡೆಗೆ. ದೂರ ಜಾಸ್ತಿ ಎಂದು ಮಧ್ಯೆ ಎರಡು ರಾತ್ರಿ ಬೊಲ್ಜಾನೊದಲ್ಲಿ ಇಳಿದೆವು. ವೆರೋನಾ ಬಿಟ್ಟ ಮೇಲೆ ರೈಲು ಆದಿಜೆ ನದಿಯ ಜೊತೆಯಲ್ಲೇ ಹೋಗುತ್ತದೆ. ಸಲೋರ್ನೊ ಎಂಬಲ್ಲಿ ಎರಡೂ ಬದಿಯ ಬೆಟ್ಟ ಹತ್ತಿರ ಬಂದು ಕಣಿವೆ ಕಿರಿದಾಗುತ್ತದೆ. ಹಿಂದಿನಿಂದಲೂ ಅದೇ ಭಾಷೆಯ ಗಡಿ. ಕೆಳಗೆ ಇಟಾಲಿಯನ್, ಮೇಲೆ ಜರ್ಮನ್. ನಮಗೆ ಚಂದ್ರಗಿರಿ ಹೊಳೆ ಇದ್ದ ಹಾಗೆ. ಆಮೇಲಿನ ಎಲ್ಲ ನಿಲ್ದಾಣದಲ್ಲೂ ಎರಡೆರಡು ಹೆಸರು. ಒಂದು ವಾರದಿಂದ ಇಟಾಲಿಯನ್ ಬೋರ್ಡು ನೋಡಿ ನೋಡಿ ಮೊಮ್ಮಗ ಸಪ್ಪೆಯಾಗಿದ್ದ. ಈಗಷ್ಟೇ ಅಕ್ಷರ ಕಲಿತ ಮಗು, ಕಂಡದ್ದನ್ನೆಲ್ಲ ಓದುವ ಉಮೇದು. ಆದರೆ ಓದಿದರೆ ಅರ್ಥ ಆಗುತ್ತಿರಲಿಲ್ಲ. ಬೊಲ್ಜಾನೊದಲ್ಲಿ ಇಳಿದಾಗ ಹೊರಹೋಗುವ ಬಾಣದ ಗುರುತಿನ ಹತ್ತಿರ 'ಉಶೀತಾ' ಅಂತಲೂ ಇತ್ತು, 'ಆಉಸ್‌ಗಾಂಗ್' ಅಂತಲೂ ಇತ್ತು. ಊರಿನ ಹೆಸರು 'ಬೊಲ್ಜಾನೊ' ಅಂತಲೂ, 'ಬೋಟ್ಸೆನ್' ಅಂತಲೂ. ಅವನು ಕೂಗಿದ್ದು ಆಗಲೇ. ಅಜ್ಜನ ಕೈ ಹಿಡಿದು ಎಳೆದುಕೊಂಡು ಆ ನಿಲ್ದಾಣದಿಂದ ಹೊರಗೆ ಕರೆದುಕೊಂಡು ಹೋದದ್ದು ಆರು ವರ್ಷದ ಹುಡುಗ.

ನಾವು ಉಳಿದದ್ದು ಊರಿಂದ ಸ್ವಲ್ಪ ಮೇಲೆ, ಗುಡ್ಡದ ಒಂದು ರೈತರ ಮನೆಯಲ್ಲಿ. ಕೆಳಗಿನ ಕಣಿವೆ ತುಂಬ ಸೇಬಿನ ತೋಟ. ಮನೆ ಸುತ್ತ ದ್ರಾಕ್ಷಿ. ದ್ರಾಕ್ಷಿಯನ್ನು ಮರದ ಚಪ್ಪರಕ್ಕೆ ಹಬ್ಬಿಸುತ್ತಾರೆ, ನಮ್ಮ ಬಸಳೆ ಚಪ್ಪರದ ಹಾಗೆಯೇ. ಎಳೆ ಎಲೆಗಳ ಮೇಲೆ ತಿಳಿನೀಲಿ ಕಲೆ ಕಂಡಿತು. ಮುಟ್ಟಿ ನೋಡಿದೆ. ಮೈಲುತುತ್ತು, ಸುಣ್ಣ! ನಾವು ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದು. ಅದರ ಹೆಸರೇ ಫ್ರಾನ್ಸಿನ ದ್ರಾಕ್ಷಿ ನಾಡಿನದ್ದು ಎಂದು ಗೊತ್ತಿತ್ತು. ಆದರೆ ಆ ಬಣ್ಣವನ್ನು ಅಲ್ಲಿ ಕಣ್ಣಾರೆ ಕಂಡಾಗ ನನ್ನ ತೋಟದಲ್ಲೇ ನಿಂತ ಹಾಗಾಯಿತು.

ಮನೆಯ ಯಜಮಾನತಿಗೆ ಎಪ್ಪತ್ತರ ಹತ್ತಿರ. ನಾನು ಎಲೆ ಮುಟ್ಟುವುದನ್ನು ಕಂಡು ರೈತ ಎಂದು ಗುರುತಿಸಿದರು. ರಾತ್ರಿ ಊಟ ಆದ ಮೇಲೆ ಮಾತಿಗೆ ಕೂತರು. ಮಗಳು ನಡುವೆ ಕೂತು ಜರ್ಮನ್ನಿನಿಂದ ಕನ್ನಡಕ್ಕೆ, ಕನ್ನಡದಿಂದ ಜರ್ಮನ್ನಿಗೆ ಹೇಳುತ್ತಾ ಹೋದಳು. ಹೆಂಡತಿ ಆಗಾಗ "ದಾದ ಪಂಡೆರ್?" (ಏನು ಹೇಳಿದರು?) ಎಂದು ನನ್ನನ್ನು ಕೇಳುವಳು. ನಾನು ತುಳುವಿಗೆ ತರುವೆ. ಹೀಗೆ ಹನ್ನೊಂದು ಗಂಟೆವರೆಗೆ ಮಾತು.

ಆಕೆಯ ಅಮ್ಮ ಹುಟ್ಟಿದ್ದು 1918ರಲ್ಲಿ. ಆಗ ಆ ಊರು ಆಸ್ಟ್ರಿಯಾದ್ದು. ಮೊದಲ ಮಹಾಯುದ್ಧ ಮುಗಿದು, 1919ರ ಒಪ್ಪಂದದಲ್ಲಿ ಆ ನಾಡು ಇಟಲಿಗೆ ಹೋಯಿತು. ಆ ಮನೆಯವರು ಎಲ್ಲಿಗೂ ಹೋಗಲಿಲ್ಲ. ಮುಸೊಲಿನಿ ಬಂದ ಮೇಲೆ ಊರಿನ ಹೆಸರುಗಳನ್ನೆಲ್ಲ ಇಟಾಲಿಯನ್ನಿಗೆ ಬದಲಿಸಿದರು. ಜರ್ಮನ್ ಶಾಲೆ ಮುಚ್ಚಿದರು. ಸಮಾಧಿ ಕಲ್ಲಿನ ಮೇಲೂ ಜರ್ಮನ್ ಬರೆಯಬಾರದು ಎಂದರು. ಆಗ ಹಳ್ಳಿಗಳಲ್ಲಿ ಗುಟ್ಟಿನ ಶಾಲೆಗಳು ಹುಟ್ಟಿಕೊಂಡವು. ಹೆಚ್ಚಿನ ಕಡೆ ಪಾಠ ಹೇಳುತ್ತಿದ್ದವರು ಹರೆಯದ ಹುಡುಗಿಯರು. ಯಾರದೋ ಮನೆಯ ಅಟ್ಟದಲ್ಲಿ, ಹುಲ್ಲು ಹಾಕುವ ಕೊಟ್ಟಿಗೆಯಲ್ಲಿ ಕದ್ದು ಕಲಿಸುವುದು. ಆಕೆಯ ಅಮ್ಮ ಜರ್ಮನ್ ಅಕ್ಷರ ಕಲಿತದ್ದು ಹಾಗೆ. "ಇದೇ ಅಟ್ಟದಲ್ಲಿ" ಎಂದು ಆಕೆ ಬೆರಳು ಮೇಲೆ ಮಾಡಿ ತೋರಿಸಿದಾಗ ನಮ್ಮ ಮೂವರ ತಲೆಯೂ ಮೇಲೆ ಹೋಯಿತು. ಆ ಅಟ್ಟದ ಕೋಣೆಯಲ್ಲೇ ನಮ್ಮ ಮೊಮ್ಮಗ ಮಲಗಿದ್ದ.

ನಾನೂ ನನ್ನ ಕಥೆ ಹೇಳಿದೆ. ನಮ್ಮಂಥವರನ್ನು ಹೊರನಾಡ ಕನ್ನಡಿಗರು ಅನ್ನುತ್ತಾರೆ. ಅಜ್ಜ, ಅಪ್ಪ, ನಾನು ಮೂವರೂ ಪೆರ್ಲದ ಹತ್ತಿರ ಒಂದೇ ತೋಟದ ಮನೆಯಲ್ಲಿ ಹುಟ್ಟಿದವರು. ಅಜ್ಜ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯವರು. 1956ರ ನವೆಂಬರ್ 1ಕ್ಕೆ ಅಪ್ಪ ಕೇರಳದವರಾದರು. 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದಿತು. ಆ ವರದಿ ಜಾರಿಯಾಗಲಿಲ್ಲ. ಅಪ್ಪ ಕಾದರು. ನಮ್ಮ ಬದಿಯಡ್ಕದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ತುಂಬುವ ತನಕ ಕಾದರು, 2015ರಲ್ಲಿ ತೀರಿಕೊಂಡರು. ಇದನ್ನೆಲ್ಲ ಮಗಳು ಜರ್ಮನ್ನಿನಲ್ಲಿ ಹೇಳುವಾಗ ಆಕೆ ತಲೆ ಆಡಿಸುತ್ತಾ ಕೇಳಿದರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ. "ಮತ್ತೆ ಕಚೇರಿಯಲ್ಲಿ ನಿಮಗೆ ಯಾವ ಭಾಷೆಯಲ್ಲಿ ಉತ್ತರ ಕೊಡುತ್ತಾರೆ?"

ಈ ಪ್ರಶ್ನೆಯನ್ನು ನನ್ನ ಹತ್ತಿರ ಕರ್ನಾಟಕದಲ್ಲಿ ಯಾರೂ ಕೇಳಿದ್ದಿಲ್ಲ. ಬೆಂಗಳೂರಿಗೆ ಹೋದರೆ ಕಾಸರಗೋಡು ನಮ್ಮದು ಅನ್ನುತ್ತಾರೆ, ರಾಜ್ಯೋತ್ಸವದ ದಿನ ಭಾಷಣ ಮಾಡುತ್ತಾರೆ. ಮರುದಿನ ಮಾತಿನ ಧಾಟಿ ಕೇಳಿ ನೀವು ಮಲಯಾಳಿಗಳಾ ಎಂದು ಕೇಳುತ್ತಾರೆ. ನನಗೆ ನೋವಾಗುತ್ತದೆ. ಆಕೆಗೆ ನಕ್ಷೆಯ ಗೆರೆಯ ಬಗ್ಗೆ ಕುತೂಹಲ ಇರಲಿಲ್ಲ. ಕೌಂಟರಿನಲ್ಲಿ ಏನಾಗುತ್ತದೆ ಎಂದು ತಿಳಿಯಬೇಕಿತ್ತು.

ಮರುದಿನ ಬೊಲ್ಜಾನೊದ ಅಂಚೆ ಕಚೇರಿಗೆ ಹೋದೆವು. ಊರಿಗೆ ಕಾರ್ಡು ಹಾಕಬೇಕೆಂದು ಹೆಂಡತಿಯ ಆಸೆ. ನಮ್ಮ ಮುಂದೆ ಇಬ್ಬರು ಇದ್ದರು. ಮೊದಲನೆಯವನು ಇಟಾಲಿಯನ್ನಿನಲ್ಲಿ ಕೇಳಿದ. ಕೌಂಟರಿನ ಹುಡುಗಿ ಅದರಲ್ಲೇ ಉತ್ತರ ಕೊಟ್ಟಳು. ಎರಡನೆಯವರು ಹಳ್ಳಿಯ ಮುದುಕರು, ಜರ್ಮನ್. ಅವಳೂ ಜರ್ಮನ್. ಮಾತು ಬದಲಿಸುವಾಗ ಅವಳ ಮುಖ ಬದಲಾಗಲಿಲ್ಲ. ಉಪಕಾರ ಮಾಡುತ್ತಿದ್ದೇನೆ ಎಂಬ ಗತ್ತು ಇಲ್ಲ. ಅಲ್ಲಿಟ್ಟಿದ್ದ ಫಾರಂಗಳಲ್ಲಿ ಎರಡೂ ಭಾಷೆ ಇತ್ತು. ಒಂದು ಖಾಲಿ ಫಾರಂ ಕೇಳಿ ತಂದಿದ್ದೇನೆ. ಮನೆಯ ಕಪಾಟಿನಲ್ಲಿ ಉಂಟು.

ಹೀಗೆ ಆಗಲು ಆ ಹುಡುಗಿಯ ಒಳ್ಳೆಯತನ ಸಾಕಾಗುವುದಿಲ್ಲ ಎಂದು ಮನೆ ಯಜಮಾನತಿ ವಿವರಿಸಿದರು. ಅಲ್ಲಿ ಸರ್ಕಾರಿ ಕೆಲಸ ಬೇಕಾದರೆ ಎರಡೂ ಭಾಷೆಯ ಪರೀಕ್ಷೆ ಪಾಸಾಗಬೇಕು. ದೊಡ್ಡ ಹುದ್ದೆಗೆ ದೊಡ್ಡ ಪರೀಕ್ಷೆ, ಸಣ್ಣ ಹುದ್ದೆಗೆ ಸಣ್ಣದು. ಯಾವ ಭಾಷೆಯವರು ಎಷ್ಟಿದ್ದಾರೋ ಆ ಲೆಕ್ಕದಲ್ಲಿ ಕೆಲಸದ ಪಾಲು. ಇದು ಸುಮ್ಮನೆ ಬಂದದ್ದಲ್ಲ. 1946ರಲ್ಲಿ ಆಸ್ಟ್ರಿಯಾ, ಇಟಲಿ ಒಪ್ಪಂದ ಮಾಡಿಕೊಂಡವು. ಅದು ಸರಿಯಾಗಿ ನಡೆಯಲಿಲ್ಲ ಎಂದು ಆಸ್ಟ್ರಿಯಾ 1960ರಲ್ಲಿ ವಿಶ್ವಸಂಸ್ಥೆಗೆ ಹೋಯಿತು. 1961ರಲ್ಲಿ ಅಲ್ಲಿನ ಜರ್ಮನ್ ಹೋರಾಟಗಾರರು ಒಂದೇ ರಾತ್ರಿ ಬಾಂಬಿಟ್ಟು ಹತ್ತಾರು ವಿದ್ಯುತ್ ಕಂಬ ಉರುಳಿಸಿದರು. 1972ರಲ್ಲಿ ಹೊಸ ಸ್ವಾಯತ್ತತೆಯ ಕಾನೂನು ಬಂತು. 1992ರಲ್ಲಿ ಆಸ್ಟ್ರಿಯಾ ಜಗಳ ಮುಗಿಯಿತು ಎಂದು ಹೇಳಿತು. ಗಡಿ ಗೆರೆ ಒಂದು ಅಂಗುಲ ಕದಲಲಿಲ್ಲ. ಬೋಟ್ಸೆನ್ ಇಂದಿಗೂ ಇಟಲಿಯಲ್ಲೇ ಇದೆ.

ನಾನು ಇದನ್ನು ಓದುವ ಕನ್ನಡಿಗರ ಹತ್ತಿರ, ಅದರಲ್ಲೂ ನಮ್ಮೂರಿನವರ ಹತ್ತಿರ ಕೇಳುವುದು ಇಷ್ಟೇ. ಎಪ್ಪತ್ತು ವರ್ಷ ನಾವು ಗೆರೆಯ ಬಗ್ಗೆ ಮಾತಾಡಿದೆವು. ಕೌಂಟರಿನ ಬಗ್ಗೆ ಎಷ್ಟು ಮಾತಾಡಿದೆವು? ಕನ್ನಡ ಮಾಧ್ಯಮದ ಶಾಲೆಗೆ ಕನ್ನಡ ಬಾರದ ಮೇಷ್ಟ್ರನ್ನು ಹಾಕಿದಾಗ ತಂದೆತಾಯಿ ಗೇಟಿನ ಹೊರಗೆ ಕೂತದ್ದು ಉಂಟು. ನನ್ನ ತಮ್ಮನ ಮಗನ ಶಾಲೆಯಲ್ಲೇ ಗಣಿತಕ್ಕೆ ಹಾಗಾಗಿತ್ತು. ಮಕ್ಕಳು ಬೋರ್ಡಿನ ಮೇಲಿನ ಅಂಕಿ ನೋಡಿ ಅಂದಾಜಿನಲ್ಲಿ ಲೆಕ್ಕ ಕಲಿತರು. 2021ರಲ್ಲಿ ನಮ್ಮ ಊರುಗಳ ಕನ್ನಡ ಹೆಸರು ಬದಲಿಸುತ್ತಾರೆ ಎಂಬ ಸುದ್ದಿ ಬಂದಾಗ ಎರಡೂ ರಾಜ್ಯದಲ್ಲಿ ಗಲಾಟೆಯಾಯಿತು. ಅಂಥ ಯೋಚನೆ ಇಲ್ಲ ಎಂದು ಕೇರಳದವರು ಹೇಳಿದ ಮೇಲೆ ಎಲ್ಲ ತಣ್ಣಗಾಯಿತು. ಮಧೂರು ಮಧೂರಾಗಿಯೇ ಉಳಿಯಲಿ, ನನಗೂ ಅದು ಬೇಕು. ಆದರೆ ಮಧೂರಿನ ಮುದುಕನಿಗೆ ಕೊಡುವ ಫಾರಂ ಅವನಿಗೆ ಓದಲು ಬರಬೇಕು. ಅದಕ್ಕಾಗಿ ಬೀದಿಗೆ ಇಳಿದವರು ಕಡಿಮೆ.

ನಮಗೆ ಇದು ಕಷ್ಟದ ವಿಷಯವೇ ಅಲ್ಲ. ಪೆರ್ಲದ ಪೇಟೆಗೆ ಬಂದು ನೋಡಿ. ತರಕಾರಿ ಅಂಗಡಿಯವನು ನನ್ನ ಹತ್ತಿರ ತುಳು ಮಾತಾಡುತ್ತಾನೆ. ಭಟ್ಟರು ಬಂದರೆ ಕನ್ನಡ. ಬ್ಯಾರಿಗಳು ಬಂದರೆ ಬ್ಯಾರಿ. ಕಾಞಂಗಾಡಿನಿಂದ ಬಂದ ಡ್ರೈವರಿಗೆ ಮಲಯಾಳ. ಕೊಂಕಣಿಯವರಿಗೆ ಎರಡು ಮಾತು ಕೊಂಕಣಿ. ತಕ್ಕಡಿ ಕೈಯಲ್ಲಿ ಹಿಡಿದುಕೊಂಡೇ ಇದೆಲ್ಲ. ಯಾವ ಪರೀಕ್ಷೆಯೂ ಪಾಸಾಗಿಲ್ಲ ಅವನು. ಬೊಲ್ಜಾನೊದ ಅಂಚೆ ಹುಡುಗಿಗೆ ಎರಡು ಭಾಷೆ, ಇವನಿಗೆ ಐದು. ಅಂಗಡಿಯಿಂದ ನೂರು ಹೆಜ್ಜೆ ನಡೆದು ಕಚೇರಿಯ ಮೆಟ್ಟಿಲು ಹತ್ತಿದರೆ ಈ ಸುಖ ಅಲ್ಲಿಗೇ ನಿಂತುಹೋಗುತ್ತದೆ. ಅದೇ ಮಣ್ಣು, ಅದೇ ಜನ. ನನಗೆ ಸಹಿಸಲು ಆಗದ್ದು ಇದು.

ಇಷ್ಟು ಬರೆದು ಹೆಂಡತಿಗೆ ಓದಿ ಹೇಳಿದೆ. ಪೂರ್ತಿ ಹೇಳಿಲ್ಲವಲ್ಲ ನೀವು ಎಂದಳು. ಅವಳು ಹೇಳಿದ್ದು ಸರಿ. ಹಾಗಾಗಿ ಮುಂದಿನದ್ದನ್ನೂ ಬರೆಯುತ್ತೇನೆ.

ಯುರೋಪಿನಲ್ಲಿ ಎಲ್ಲ ಕಡೆ ಹೀಗೆ ಇಲ್ಲ. ಮಾರ್ಸೇಯಲ್ಲಿ ನಾವು ನೋಡಿದ್ದು ಫ್ರೆಂಚ್ ಮಾತ್ರ. ಆ ಸೀಮೆಯ ಹಳೆಯ ಪ್ರೊವೆನ್ಸಾಲ್ ಭಾಷೆ ನಮ್ಮ ಕಿವಿಗೆ ಎಲ್ಲೂ ಬೀಳಲಿಲ್ಲ. ಬೊಲ್ಜಾನೊದಲ್ಲೂ ಎಲ್ಲ ಸುಖವಾಗಿಲ್ಲ. ಜರ್ಮನ್ ಮಕ್ಕಳಿಗೆ ಬೇರೆ ಶಾಲೆ, ಇಟಾಲಿಯನ್ ಮಕ್ಕಳಿಗೆ ಬೇರೆ ಶಾಲೆ. ಒಂದೇ ಬೀದಿಯ ಮಕ್ಕಳು ಒಟ್ಟಿಗೆ ಆಡಿ ಬೆಳೆಯುವುದು ಕಡಿಮೆ ಎಂದು ಮನೆ ಯಜಮಾನತಿಯೇ ಬೇಸರಪಟ್ಟರು. ಊರಿನ ಹೆಸರುಗಳ ಜಗಳ ಅಲ್ಲೂ ಮುಗಿದಿಲ್ಲ. ಮತ್ತೆ, ಆ ಪ್ರಾಂತ್ಯದಲ್ಲಿ ಜರ್ಮನ್ ಮಾತಾಡುವವರು ನೂರರಲ್ಲಿ ಸುಮಾರು ಎಪ್ಪತ್ತು ಮಂದಿ. ಅಲ್ಲಿ ಕಟ್ಟಿದ ತೆರಿಗೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಅಲ್ಲಿಗೇ ಬರುತ್ತದೆ. ಅವರ ಬೆನ್ನಿಗೆ ಆಸ್ಟ್ರಿಯಾ ನಿಂತಿತ್ತು. ನಮ್ಮ ಜಿಲ್ಲೆಯಲ್ಲಿ ಮಲಯಾಳದವರೇ ಬಹುಪಾಲು. ಲೆಕ್ಕ ಬೇರೆ.

ಕೇರಳ ಏನೂ ಕೊಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ಈಗಲೂ ಉಂಟು. ಕನ್ನಡ, ಮಲಯಾಳ ಎರಡೂ ಬಲ್ಲ ಗುಮಾಸ್ತರು ಅಂತ ಪಿಎಸ್‌ಸಿಯಲ್ಲಿ ಬೇರೆ ಹುದ್ದೆಯೇ ಉಂಟು. ಕೆಲವೇ ಮಂದಿ, ಎಲ್ಲ ಕೌಂಟರಿಗೂ ಸಾಲುವುದಿಲ್ಲ, ಆದರೂ ಉಂಟು. ಎಲ್ಲಕ್ಕಿಂತ ಮುಖ್ಯವಾದದ್ದು 1969ರ ಅಧಿಕೃತ ಭಾಷಾ ಕಾನೂನು. ಕನ್ನಡ, ತಮಿಳು ಅಲ್ಪಸಂಖ್ಯಾತರು ಸರ್ಕಾರಕ್ಕೆ ತಮ್ಮ ಭಾಷೆಯಲ್ಲೇ ಬರೆಯಬಹುದು, ಉತ್ತರವನ್ನೂ ಅದೇ ಭಾಷೆಯಲ್ಲಿ ಪಡೆಯಬಹುದು ಎಂದು ಅದರಲ್ಲಿ ಬರೆದಿದೆ. ನನಗೆ ಇದು ಮೂವತ್ತು ವರ್ಷದಿಂದ ಗೊತ್ತು. ಈ ಮೂವತ್ತು ವರ್ಷದಲ್ಲಿ ಎಷ್ಟು ಅರ್ಜಿ ಕನ್ನಡದಲ್ಲಿ ಬರೆದೆ? ಒಂದೂ ಇಲ್ಲ. ಕೆಲಸ ತಡವಾಗುತ್ತದೆ ಎಂದು ಯಾರದಾದರೂ ಕೈಯಲ್ಲಿ ಮಲಯಾಳದಲ್ಲೇ ಬರೆಸಿ ಕೊಟ್ಟೆ. ಮಗಳನ್ನು ನಾಲ್ಕನೇ ಕ್ಲಾಸಿನ ನಂತರ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದವನೂ ನಾನೇ. ಅವಳು ಇದ್ದ ಕನ್ನಡ ಶಾಲೆಯಲ್ಲಿ ಈಗ ಒಂದೊಂದು ಕ್ಲಾಸಿಗೆ ಬೆರಳೆಣಿಕೆಯ ಮಕ್ಕಳು.

ಇನ್ನೂ ಒಂದು ಉಂಟು. ಇದನ್ನು ಹೇಳಲು ನನಗೆ ಸ್ವಲ್ಪ ಕಷ್ಟ. ಬೊಲ್ಜಾನೊದ ಪಕ್ಕದ ಕೆಲವು ಕಣಿವೆಗಳಲ್ಲಿ ಲಾದಿನ್ ಎಂಬ ಮೂರನೇ ಭಾಷೆ ಇದೆ. ನೂರರಲ್ಲಿ ನಾಲ್ಕೈದು ಮಂದಿ ಮಾತ್ರ ಆಡುವ ಭಾಷೆ. ಅವರ ಕಣಿವೆಯಲ್ಲಿ ಬೋರ್ಡುಗಳು ಮೂರು ಭಾಷೆಯಲ್ಲಿವೆಯಂತೆ. ಮನೆ ಯಜಮಾನತಿ ಇದನ್ನು ಹೇಳಿದಾಗ ಹೆಂಡತಿ ನನ್ನ ಮುಖ ನೋಡಿದಳು. ನಮ್ಮ ಮನೆಮಾತು ತುಳು. ಓದು, ಬರಹ, ಲೆಕ್ಕ, ಲಗ್ನಪತ್ರಿಕೆ ಎಲ್ಲ ಕನ್ನಡ. ಕನ್ನಡದ ಬೋರ್ಡು ಇಲ್ಲ ಎಂದು ಸಿಟ್ಟಾಗುವ ನಾನು ತುಳುವಿನ ಬೋರ್ಡು ಬೇಕು ಎಂದು ಒಮ್ಮೆಯೂ ಕೇಳಿಲ್ಲ. ಕೇರಳದವರು ಮಂಜೇಶ್ವರದಲ್ಲಿ ತುಳು ಅಕಾಡೆಮಿ ಮಾಡಿದ್ದಾರೆ. ನಾನು ಆ ಕಡೆ ಹೋದದ್ದಿಲ್ಲ. ಆ ಬ್ಯಾರಿ ಹುಡುಗನ ಭಾಷೆಯಲ್ಲಿ ಬೋರ್ಡು ಬೇಕಾ ಬೇಡವಾ ಎಂದು ಹಡಗಿನಲ್ಲಿ ಏಳು ದಿನ ಮಾತಾಡಿದರೂ ನಾನು ಕೇಳಲಿಲ್ಲ.

ಕೌಂಟರಿನ ಹುಡುಗನ ವಿಷಯವೂ ಹೇಳಿಬಿಡುತ್ತೇನೆ. ತುಂಬಿದ ಫಾರಂ ಕೊಡಲು ಹೋದಾಗ ಅವನು ಎದ್ದು ನಿಂತ. ಕೊಲ್ಲಂ ಕಡೆಯವನಂತೆ. ಬಂದು ನಾಲ್ಕು ತಿಂಗಳು. ಕನ್ನಡ ಕಲಿಯಲು ಇಲ್ಲಿ ಯಾರೂ ಕಲಿಸಲಿಲ್ಲ, ಕಲಿಯಬೇಕೆಂದು ಯಾರೂ ಹೇಳಲೂ ಇಲ್ಲ ಎಂದ. ಅಡಿಕೆಗೆ ಏನು ಹೇಳುತ್ತೀರಿ, ಮರಕ್ಕೆ ಏನು ಹೇಳುತ್ತೀರಿ ಎಂದು ಕೇಳಿ ಒಂದು ಚೀಟಿಯಲ್ಲಿ ಮಲಯಾಳ ಅಕ್ಷರದಲ್ಲಿ ಬರೆದುಕೊಂಡ. ನಾನು ಅರುವತ್ತೆರಡು ವರ್ಷದಲ್ಲಿ ಅವನ ಅಕ್ಷರ ಕಲಿಯಲಿಲ್ಲ. ಬೊಲ್ಜಾನೊದ ಆ ಅಮ್ಮ ಇಟಾಲಿಯನ್ ಚೆನ್ನಾಗಿ ಓದುತ್ತಾರೆ, ಬರೆಯುತ್ತಾರೆ. ತಮ್ಮ ಅಮ್ಮ ಅಟ್ಟದಲ್ಲಿ ಕದ್ದು ಕಲಿತ ಭಾಷೆಯನ್ನೂ ಬಿಡಲಿಲ್ಲ.

ಅದೇ ಕಚೇರಿಗೆ ಇನ್ನೊಂದು ಅರ್ಜಿ ಕೊಡುವುದಿತ್ತು. ತೋಡಿನ ಬದಿಯ ಕಟ್ಟ ಕುಸಿದಿದೆ, ಬಂದು ನೋಡಬೇಕು ಎಂದು. ಕಳೆದ ವಾರ ಬಿಳಿ ಹಾಳೆಯಲ್ಲಿ ನನ್ನದೇ ಕೈಬರಹದಲ್ಲಿ ಕನ್ನಡದಲ್ಲಿ ಬರೆದೆ. 1969ರ ಕಾನೂನಿನ ಹೆಸರನ್ನು ಮೇಲೆ ನಮೂದಿಸಿದೆ. ಇದಕ್ಕೆ ಉತ್ತರವನ್ನು ಕನ್ನಡದಲ್ಲೇ ಕೊಡಬೇಕು ಎಂದು ಕೆಳಗೆ ಬರೆದೆ. ಹುಡುಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಒಳಗೆ ಹೋಗಿ ಯಾರನ್ನೋ ಕೇಳಿ ಬಂದು, ಮೊಹರು ಹಾಕಿ ರಶೀದಿ ಕೊಟ್ಟ. ರಶೀದಿಯಲ್ಲಿ ಏನಿದೆ ಎಂದು ಪಕ್ಕದ ಮನೆಯ ಹುಡುಗಿ ಓದಿ ಹೇಳಿದಳು. ಹದಿನೈದು ದಿನದೊಳಗೆ ಉತ್ತರ. ಆ ರಶೀದಿಯನ್ನು ಬೊಲ್ಜಾನೊದ ಅಂಚೆ ಫಾರಂ ಜೊತೆ ಕಪಾಟಿನಲ್ಲಿ ಇಟ್ಟಿದ್ದೇನೆ.

ಇವತ್ತಿಗೆ ಒಂಬತ್ತು ದಿನ ಆಯಿತು. ಮಳೆ ಸ್ವಲ್ಪ ಬಿಟ್ಟಿದೆ. ನಾಳೆ ಬಿಸಿಲು ಬಂದರೆ ಮದ್ದು ಬಿಡುವವರು ಬರುತ್ತಾರೆ.